ನಮ್ಮ ಮನೆಯ ಕಾಲು ಕಷಾಯ



ಈ ತಿಂಗಳ ಗೋಡೆ ಪತ್ರಿಕೆಗೆ "ಮನೆಮದ್ದು" ಎಂಬ ವಿಷಯ ಕೊಟ್ಟಿದ್ದಾರೆ. ನೆಗಡಿಗೆ ಮೆಣಸಿನ ಕಷಾಯ, ಹೊಟ್ಟೆ ಉಬ್ಬರಕ್ಕೆ ಓಮದ ನೀರು ಅಂತ ಬೇರೆಯವರು ಬರೆಯುತ್ತಾರೆ. ನಾನು ಕಾಲು ಊದಿದಾಗ ಕುಡಿಯುವ ಕಷಾಯದ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ನಮ್ಮ ಮನೆಯಲ್ಲಿ ಇಬ್ಬರಿಗೆ ಕಾಲು ಊದುತ್ತದೆ. ಒಬ್ಬಳು ಅಮ್ಮ, ಇನ್ನೊಬ್ಬಳು ಅಜ್ಜಿ. ನೋಡೋಕೆ ಇಬ್ಬರ ಕಾಲೂ ಒಂದೇ ತರಹ ಇತ್ತು. ಆದರೆ ಕಾರಣ ಬೇರೆ ಬೇರೆ. ಅಮ್ಮನಿಗೆ ಹಿತವಾದ ಕಷಾಯ ಅಜ್ಜಿಗೆ ಹಿತ ಆಗಲಿಲ್ಲ. ಇದು ನಮಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ನಿಮಗೆ ಹತ್ತು ನಿಮಿಷದಲ್ಲಿ ಗೊತ್ತಾಗಲಿ ಅಂತ ಬರೆದಿದ್ದೇನೆ.

ಮೊದಲು ಅಮ್ಮನ ಕಾಲಿನ ವಿಷಯ. ನಮ್ಮೂರಿನ ಎಷ್ಟೋ ಹೆಂಗಸರ ಹಾಗೆ ನಮ್ಮಮ್ಮನೂ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಗ್ಗೆ ಏಳಕ್ಕೆ ಕನಕಪುರ ರಸ್ತೆಗೆ ವ್ಯಾನು ಬರುತ್ತದೆ. ಫ್ಯಾಕ್ಟರಿ ಇರೋದು ಜೆ.ಪಿ. ನಗರದ ಆಚೆ. ಅಮ್ಮನದು ಚೆಕಿಂಗ್ ಕೆಲಸ. ಹೊಲಿಯುವವರಿಗೆ ಮಿಷನ್ ಮುಂದೆ ಕೂರಲು ಜಾಗ ಇರುತ್ತದೆ. ಚೆಕಿಂಗ್‌ನವರು ಮೇಜಿನ ಮುಂದೆ ನಿಂತು ಶರ್ಟಿನ ಕಾಲರು, ಗುಂಡಿ, ಹೊಲಿಗೆ ನೋಡಿ, ದಾರದ ತುದಿ ಕತ್ತರಿಸಿ, ಮುಂದಕ್ಕೆ ಹಾಕಬೇಕು. ಊಟದ ಅರ್ಧ ಗಂಟೆ ಬಿಟ್ಟರೆ ಎಂಟು ಗಂಟೆ ನಿಂತೇ ಇರುತ್ತಾಳೆ. ಸಂಜೆ ಮನೆಗೆ ಬಂದಾಗ ಪಾದದ ಮೇಲೆ ಚಪ್ಪಲಿ ಬಾರಿನ ಗುರುತು ಹಳ್ಳ ಬಿದ್ದಿರುತ್ತದೆ. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಸೋಪು ಹಚ್ಚಿದರೂ ತಿರುಗುವುದಿಲ್ಲ. ಗಂಟಿನ ಹತ್ತಿರ ಬೆರಳಲ್ಲಿ ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ, ನಾದಿದ ರಾಗಿ ಮುದ್ದೆ ಮೇಲೆ ಬೆರಳು ಒತ್ತಿದ ಹಾಗೆ.

ಹೀಗೆ ಯಾಕೆ ಆಗುತ್ತದೆ? ರಕ್ತ ಪರಿಚಲನೆ ಪಾಠದಲ್ಲಿ ಟೀಚರ್ ಹೇಳಿದ್ದು ನೆನಪಿದೆಯಾ? ಹೃದಯ ರಕ್ತವನ್ನು ಕಾಲಿನ ತುದಿಯವರೆಗೂ ತಳ್ಳುತ್ತದೆ. ಆದರೆ ವಾಪಸ್ಸು ಬರುವಾಗ ರಕ್ತ ಬೆಟ್ಟ ಹತ್ತಿದ ಹಾಗೆ ಮೇಲಕ್ಕೆ ಹತ್ತಬೇಕು. ಅಭಿಧಮನಿಗಳ ಒಳಗೆ ಚಿಕ್ಕ ಚಿಕ್ಕ ಕವಾಟಗಳಿವೆ. ಮೇಲೆ ಹತ್ತಿದ ರಕ್ತ ಕೆಳಗೆ ಜಾರದ ಹಾಗೆ ಅವು ಬಾಗಿಲು ಹಾಕುತ್ತವೆ. ನಾವು ನಡೆಯುವಾಗ ಮೀನಖಂಡ ಬಿಗಿದು ಸಡಿಲಿಸಿ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಕೈಪಂಪು ಒತ್ತಿದ ಹಾಗೆ ಅನ್ನಿ. ಒಂದೇ ಕಡೆ ಅಲುಗಾಡದೆ ನಿಂತರೆ ಪಂಪು ನಿಂತ ಹಾಗೆ. ಆಗ ರಕ್ತ ಕಾಲಿನಲ್ಲಿ ತುಂಬಿಕೊಂಡು, ಅದರ ನೀರು ತೆಳುವಾದ ಲೋಮನಾಳಗಳಿಂದ ಆಚೆ ಜಿನುಗಿ ಚರ್ಮದ ಕೆಳಗೆ ಸೇರುತ್ತದೆ. ಅದೇ ಊತ. ಉಪ್ಪು ಜಾಸ್ತಿ ತಿಂದರೆ ಇನ್ನೂ ಜಾಸ್ತಿ, ಏಕೆಂದರೆ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಅಮ್ಮನ ಡಬ್ಬಿಯಲ್ಲಿ ದಿನಾ ಉಪ್ಪಿನಕಾಯಿ ಇರುತ್ತಿತ್ತು. ಈಗ ಭಾನುವಾರ ಮಾತ್ರ.

ಈಗ ಕಷಾಯ. ಬೇಕಾಗುವ ಸಾಮಾನು: ಕೊತ್ತಂಬರಿ ಬೀಜ ಎರಡು ಚಮಚ, ಜೀರಿಗೆ ಅರ್ಧ ಚಮಚ, ಒಣಶುಂಠಿ ಒಂದು ಚಿಕ್ಕ ಚೂರು, ನೀರು ಎರಡು ಲೋಟ, ಬೆಲ್ಲ ರುಚಿಗೆ ತಕ್ಕಷ್ಟು. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಹಾಕಬಾರದು. ಕೊತ್ತಂಬರಿ ಬೀಜ ಮತ್ತು ಜೀರಿಗೆಯನ್ನು ಎಣ್ಣೆ ಇಲ್ಲದೆ ಘಮ್ ಅನ್ನುವ ತನಕ ಹುರಿಯಬೇಕು. ಕಪ್ಪಾದರೆ ಕಹಿ ಬರುತ್ತದೆ. ಶುಂಠಿ ಜೊತೆ ಸೇರಿಸಿ ತರಿತರಿಯಾಗಿ ಕುಟ್ಟಬೇಕು, ನುಣ್ಣಗೆ ಬೇಡ, ನುಣ್ಣಗಾದರೆ ಸೋಸಲು ಆಗಲ್ಲ. ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ಲೋಟ ಒಂದು ಲೋಟ ಆಗುವ ತನಕ ಕುದಿಸಬೇಕು. ಇಳಿಸುವ ಮುಂಚೆ ಬೆಲ್ಲ ಹಾಕಿ ಸೋಸಬೇಕು. ಬಿಸಿ ಇದ್ದಾಗಲೇ ಕುಡಿಯಬೇಕು. ಸಂಜೆ ಏಳರ ಒಳಗೆ ಕುಡಿದರೆ ಒಳ್ಳೆಯದು. ಮಲಗುವ ಹೊತ್ತಿಗೆ ಕುಡಿದರೆ ರಾತ್ರಿಯೆಲ್ಲ ಒಂದಕ್ಕೆ ಏಳಬೇಕಾಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡುವುದು ನಾನೇ. ಒಂದು ವಾರಕ್ಕೆ ಆಗುವಷ್ಟು ಭಾನುವಾರ ಹುರಿದು ಕುಟ್ಟಿ ಡಬ್ಬಿಗೆ ಹಾಕಿಡುತ್ತೇನೆ.

ಇದರಿಂದ ಕಾಲಿನ ಊತ ನಿಜವಾಗಿಯೂ ಇಳಿಯುತ್ತದಾ ಅಂತ ನನಗೂ ಅನುಮಾನ ಬಂತು. ಅಮ್ಮನ ಅಳತೆ ಟೇಪು ಮನೆಯಲ್ಲೇ ಇತ್ತು. ಕಾಲಿನ ಗಂಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, ದಿನಾ ಅದೇ ಜಾಗದಲ್ಲಿ ಅಳೆದೆ. ಮೂರು ಸಂಜೆ ಬರೀ ಕಷಾಯ. ಮೂರು ಸಂಜೆ ಕಷಾಯ ಇಲ್ಲ, ಚಾಪೆ ಮೇಲೆ ಮಲಗಿ ಕಾಲನ್ನು ಎರಡು ದಿಂಬಿನ ಮೇಲೆ ಅರ್ಧ ಗಂಟೆ ಇಡುವುದು. ಇನ್ನು ಮೂರು ಸಂಜೆ ಎರಡೂ. ಬರೀ ಕಷಾಯ ಕುಡಿದು ಅಡಿಗೆಗೆ ನಿಂತ ದಿನ ಟೇಪಿನಲ್ಲಿ ವ್ಯತ್ಯಾಸ ಕಾಣಲೇ ಇಲ್ಲ. ಕಾಲು ಎತ್ತಿಟ್ಟ ದಿನ 25 ಸೆಂಟಿಮೀಟರ್ ಇದ್ದದ್ದು 24 ಆಯಿತು. ಎರಡೂ ಮಾಡಿದ ದಿನವೂ ಹೆಚ್ಚು ಕಡಿಮೆ ಅಷ್ಟೇ.

ಹಾಗಾದರೆ ಕಷಾಯ ದಂಡ ಅನ್ನಬೇಡಿ. ಬರೀ ಕಾಲು ಎತ್ತಿಡು ಅಂದರೆ ಅಮ್ಮ ಒಪ್ಪಲ್ಲ. "ಹೊತ್ತಾಯ್ತು ಬಿಡೆ, ಮುದ್ದೆಗೆ ಎಸರು ಇಡ್ಬೇಕು" ಅಂತ ಎದ್ದು ಹೋಗುತ್ತಾಳೆ. ಆ ಮೂರು ದಿನ ಅವಳನ್ನು ಮಲಗಿಸಲು ನಾನು ಜಗಳವನ್ನೇ ಮಾಡಬೇಕಾಯಿತು. ಕೈಗೆ ಬಿಸಿ ಕಷಾಯದ ಲೋಟ ಕೊಟ್ಟರೆ ಕೂರುತ್ತಾಳೆ. ಬಿಸಿ ಇರುವುದರಿಂದ ಬೇಗ ಕುಡಿಯಲು ಆಗಲ್ಲ. ಕುಡಿಯುತ್ತಾ ಗೋಡೆಗೆ ಒರಗಿ ಕಾಲು ಚಾಚುತ್ತಾಳೆ, ನಾನು ಕೆಳಗೆ ದಿಂಬು ಇಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಮುದ್ದೆ ಎಸರು ನಾನು ಇಡುತ್ತೇನೆ. ಕಷಾಯ ಅವಳನ್ನು ಕೂರಿಸುತ್ತದೆ, ಕೂತರೆ ಊತ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಅಮ್ಮನ ಕಾಲು ಮಾಮೂಲಾಗಿರುತ್ತದೆ, ಕಾಲುಂಗುರ ಸಲೀಸಾಗಿ ತಿರುಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ. ಸಮಾಜದ ಮೇಷ್ಟ್ರು ಹೇಳಿದರು, 1948ರ ಕಾರ್ಖಾನೆ ಕಾಯ್ದೆಯಲ್ಲೇ ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಎಂದು ಬರೆದಿತ್ತಂತೆ. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮತ್ತು ಅವಳ ಲೈನಿನ ನಾಲ್ಕು ಜನ ಸೂಪರ್‌ವೈಸರ್ ಹತ್ತಿರ ಸ್ಟೂಲು ಕೇಳಿದ್ದಾರೆ. "ನೋಡೋಣ" ಅಂದಿದ್ದಾರಂತೆ. ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅಮ್ಮ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಾಳೆ, ಗಂಟೆಗೊಮ್ಮೆ ಇಪ್ಪತ್ತು ಸಲ. ಮೀನಖಂಡದ ಪಂಪು ಓಡಲಿ ಅಂತ. ಸ್ಟೂಲು ಬಂದರೆ ನನ್ನ ಕಷಾಯಕ್ಕಿಂತ ಅದೇ ದೊಡ್ಡ ಮದ್ದು.

ಒಂದು ಭಾನುವಾರ ಅಮ್ಮನ ಜೊತೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಅಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಒಣಶುಂಠಿ ತೆಗೆದುಕೊಂಡೆವು. ರೆಡಿ ಕಷಾಯ ಪುಡಿ ಪೊಟ್ಟಣವೂ ಇತ್ತು. ಅದರ ಹಿಂದೆ ಬರೆದದ್ದನ್ನು ನಾನು ಓದಿದೆ. ಜೇಷ್ಠಮಧು ಅಂತ ಇತ್ತು. ಜೇಷ್ಠಮಧು ಕೆಮ್ಮಿಗೆ, ಗಂಟಲಿಗೆ ಹಿತ. ಆದರೆ ದಿನಾ ಜಾಸ್ತಿ ಕುಡಿದರೆ ಅದು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ, ಬಿ.ಪಿ.ಯನ್ನೂ ಏರಿಸಬಹುದು. ಊದಿದ ಕಾಲಿಗೆ ಇದು ಉಲ್ಟಾ ಕೆಲಸ. ಆದ್ದರಿಂದ ಕಷಾಯ ಅಂದರೆ ಎಲ್ಲ ಒಂದೇ ಅಂತ ತಿಳಿಯಬೇಡಿ. ಪೊಟ್ಟಣದ ಹಿಂಭಾಗ ಓದಿ. ಓದು ಬರದವರಿಗೆ ನಾವು ಮಕ್ಕಳು ಓದಿ ಹೇಳಬೇಕು.

ಈಗ ಅಜ್ಜಿಯ ವಿಷಯ. ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿಯ ಎರಡೂ ಕಾಲು ಊದಿತು. ಅಜ್ಜಿಗೆ ಗಿಡಮೂಲಿಕೆ ಚೆನ್ನಾಗಿ ಗೊತ್ತು. "ಅದಕ್ಯಾಕವ್ವ ಡಾಕ್ಟ್ರು, ಬದೀಗೆ ಹೋದ್ರೆ ಕೊಮ್ಮೆ ಗಿಡ ಐತೆ" ಅಂದಳು. ಕೊಮ್ಮೆಯನ್ನು ನೀವೂ ನೋಡಿದ್ದೀರಿ, ಹೆಸರು ಗೊತ್ತಿರಲ್ಲ ಅಷ್ಟೇ. ಹೊಲದ ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ. ಕಾಂಡ ಸ್ವಲ್ಪ ಕೆಂಪು. ಎಲೆಗಳು ಜೋಡಿ ಜೋಡಿ, ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು. ಹೂವು ಸಾಸಿವೆಗಿಂತ ಸ್ವಲ್ಪ ದೊಡ್ಡದು, ನೇರಳೆ ಗುಲಾಬಿ ಬಣ್ಣ. ಕಾಯಿ ಅಂಟು ಅಂಟು, ಲಂಗಕ್ಕೆ ಹತ್ತಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಪುನರ್ನವಾ ಅಂತ ಹೆಸರು, ಅಂದರೆ ಮತ್ತೆ ಹೊಸದಾಗುವುದು. ಬೇಸಿಗೆಯಲ್ಲಿ ಒಣಗಿ ಹೋದ ಗಿಡ ಮಳೆ ಬಿದ್ದ ಕೂಡಲೇ ಬೇರಿನಿಂದ ಚಿಗುರುತ್ತದೆ. ಆಯುರ್ವೇದದಲ್ಲಿ ಬಾವಿಗೆ ಇದನ್ನು ಬಹಳ ಹಿಂದಿನಿಂದ ಕೊಡುತ್ತಾರೆ. ಮೂತ್ರ ಹೆಚ್ಚು ಹೋಗುವ ಹಾಗೆ ಮಾಡುತ್ತದೆ.

ಅಜ್ಜಿ ಇದರ ಬೇರು ತೊಳೆದು ಜಜ್ಜಿ ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸುತ್ತಿದ್ದಳು. "ಕಾಲಿಗೆ ಕುಡಿಯೋದು, ಕಾಲು ಭಾಗಕ್ಕೆ ಇಳಿಸೋದು, ಅದಕ್ಕೆ ಕಾಲು ಕಷಾಯ" ಅಂತ ನಗಿಸುತ್ತಿದ್ದಳು. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನೀರು ಕುಡಿದರೆ ನೀರು ಇಳಿಯುತ್ತದೆ ಅಂತ ಮೇಲೆ ಎರಡು ಚೊಂಬು ಬಾರ್ಲಿ ಗಂಜಿ ಬೇರೆ. ಮೊದಲ ವಾರ ಸ್ವಲ್ಪ ಹಗುರ ಅಂದಳು. ಆಮೇಲೆ ಊತ ಮೊಣಕಾಲಿನ ತನಕ ಏರಿತು. ಅಮ್ಮನ ಊತ ಬೆಳಗ್ಗೆ ಹೊತ್ತಿಗೆ ಹೋಗಿರುತ್ತಿತ್ತಲ್ಲ, ಅಜ್ಜಿಯದು ಬೆಳಗ್ಗೆಯೂ ಹಾಗೇ ಇರುತ್ತಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂರುತ್ತಿದ್ದಳು. ನಾನು ಅವಳ ಪಕ್ಕ ಮಲಗುವುದು. ಒಂದು ರಾತ್ರಿ ಎಚ್ಚರ ಆದಾಗ ಅಜ್ಜಿ ಕಿಟಕಿ ಸರಳು ಹಿಡಿದುಕೊಂಡು ಓಡಿ ಬಂದವರ ಹಾಗೆ ಉಸಿರಾಡುತ್ತಿದ್ದಳು. ಮಾತಾಡಲು ಆಗುತ್ತಿರಲಿಲ್ಲ. ಅಪ್ಪ 108ಕ್ಕೆ ಫೋನ್ ಮಾಡಿದರು. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಮ್ಮ ಆವತ್ತು ಬೆಳಗ್ಗೆ ಕೆಲಸಕ್ಕೆ ಹೋಗಲಿಲ್ಲ, ನಾನು ಸ್ಕೂಲಿಗೆ ಬರಲಿಲ್ಲ.

ಅಜ್ಜಿಯ ಹೃದಯ ಬಲ ಕಳೆದುಕೊಂಡಿದೆಯಂತೆ. ಅಮ್ಮನ ಕಾಲಿನಲ್ಲಿ ಮೀನಖಂಡದ ಪಂಪು ನಿಂತಿತ್ತು, ಅಜ್ಜಿಗೆ ದೊಡ್ಡ ಪಂಪೇ ಸೋತಿತ್ತು. ಹೃದಯ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳದಿದ್ದರೆ ನೀರು ಕಾಲಿನಲ್ಲೂ ನಿಲ್ಲುತ್ತದೆ, ಶ್ವಾಸಕೋಶದಲ್ಲೂ ನಿಲ್ಲುತ್ತದೆ. ಅದಕ್ಕೇ ಉಸಿರು ಕಟ್ಟಿದ್ದು. ಅಂಥವರು ಚೊಂಬುಗಟ್ಟಲೆ ಕುಡಿದರೆ ಇನ್ನೂ ಕಷ್ಟ. ಡಾಕ್ಟರು ಕೊಮ್ಮೆ ಕಷಾಯವನ್ನು ಬೈಯಲಿಲ್ಲ. "ಅಜ್ಜಿ, ನಿಮ್ಮ ಗಿಡ ಕೆಟ್ಟದ್ದಲ್ಲ. ಆದ್ರೆ ಈ ಮಾತ್ರೆ ಜೊತೆ ಅದು ಬೇಡ" ಅಂದರು. ಕೊಮ್ಮೆಯಲ್ಲಿ ಪೊಟ್ಯಾಸಿಯಂ ಜಾಸ್ತಿ ಇದೆ. ಅಜ್ಜಿಗೆ ಕೊಟ್ಟ ಒಂದು ಮಾತ್ರೆ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ಎರಡೂ ಸೇರಿ ಅದು ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗಬಹುದು.

"ಹಿತ್ತಲ ಗಿಡ ಮದ್ದಲ್ಲ" ಅಂತ ಗಾದೆ ಇದೆ. ಹತ್ತಿರ ಇರುವುದಕ್ಕೆ ಬೆಲೆ ಕೊಡಲ್ಲ ಅಂತ ಅದರ ಅರ್ಥ. ವಿಜ್ಞಾನದ ಟೀಚರಿಗೆ ಅಜ್ಜಿಯ ಕಥೆ ಹೇಳಿದಾಗ ಅವರು ಇನ್ನೊಂದು ಕಥೆ ಹೇಳಿದರು. ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಅಂತ ಒಬ್ಬ ವೈದ್ಯರಿದ್ದರು. 1775ರಲ್ಲಿ ಅವರಿಗೆ ಒಂದು ಮನೆಮದ್ದಿನ ವಿಷಯ ತಿಳಿಯಿತು. ಶ್ರಾಪ್‌ಶೈರ್ ಎಂಬ ಕಡೆ ಒಬ್ಬ ಮುದುಕಿ ಇಪ್ಪತ್ತಕ್ಕೂ ಹೆಚ್ಚು ಗಿಡ ಸೇರಿಸಿ ಮೈ ಊತಕ್ಕೆ ಕೊಡುತ್ತಿದ್ದ ಗುಟ್ಟಿನ ಮದ್ದು ಅದು. ವಿದರಿಂಗ್ ನೋಡಿ, ಇಷ್ಟರಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಅನ್ನುವ ಒಂದೇ ಗಿಡ ಎಂದು ಕಂಡುಹಿಡಿದರು. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಎಷ್ಟು ಕೊಟ್ಟರೆ ಗುಣ, ಎಷ್ಟಾದರೆ ವಿಷ ಅಂತ ಬರೆದಿಟ್ಟು 1785ರಲ್ಲಿ ಪುಸ್ತಕ ಮಾಡಿದರು. ಅದೇ ಜಾತಿಯ ಇನ್ನೊಂದು ಗಿಡದಿಂದ 1930ರಲ್ಲಿ ಡಿಜಾಕ್ಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದನ್ನು ಹೃದಯದ ಕಾಯಿಲೆಗೆ ಈಗಲೂ ಕೊಡುತ್ತಾರೆ. ಮುದುಕಿಯ ಮದ್ದು ಸುಳ್ಳಾಗಿರಲಿಲ್ಲ. ಆದರೆ ಯಾರಿಗೆ, ಎಷ್ಟು ಅನ್ನುವುದು ಗೊತ್ತಾದ ಮೇಲೆ ಅದು ಔಷಧಿ ಆಯಿತು.

ಇದನ್ನು ಓದಿ ಯಾರೂ ಯಾವ ಯಾವುದೋ ಗಿಡ ಕುದಿಸಬೇಡಿ. ನಮ್ಮ ಕಡೆ ದೇವರಿಗೆ ಇಡುವ ಕಣಗಿಲೆಯಲ್ಲೂ ಆ ಫಾಕ್ಸ್‌ಗ್ಲವ್ ತರಹದ್ದೇ, ಹೃದಯದ ಮೇಲೆ ಕೆಲಸ ಮಾಡುವ ವಿಷ ಇದೆ. ಅದರ ಹೂವು ದೇವರಿಗೆ ಇರಲಿ. ಎಲೆ, ಬೇರು, ಹೂವು ಯಾವುದೂ ಬಾಯಿಗೆ ಬೇಡ.

ಅಜ್ಜಿ ಈಗ ಮನೆಯಲ್ಲಿದ್ದಾಳೆ. ನೀರಿನ ಮಾತ್ರೆ ತೆಗೆದುಕೊಳ್ಳುತ್ತಾಳೆ. ದಿನಕ್ಕೆ ಒಂದೂವರೆ ಲೀಟರ್ ಮಾತ್ರ ಕುಡಿಯಬೇಕು ಅಂತ ಹೇಳಿದ್ದಾರೆ. ನಮ್ಮ ಸ್ಟೀಲ್ ಲೋಟಕ್ಕೆ 250 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಆರು ಲೋಟ. ಕಾಫಿ, ಮಜ್ಜಿಗೆ, ಸಾರು, ಕಷಾಯ ಎಲ್ಲ ಸೇರಿ ಆರು. ನಾನು ಅಡಿಗೆ ಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತೇನೆ. ಅಜ್ಜಿ ಕದ್ದು ಕುಡಿಯಲ್ಲ, ಆದರೆ ಬಸ್ಸಾರನ್ನು ಲೆಕ್ಕಕ್ಕೆ ಸೇರಿಸಬೇಡ ಅಂತ ದಿನಾ ಜಗಳ ಮಾಡುತ್ತಾಳೆ. ಡಾಕ್ಟರನ್ನು ಕೇಳಿ, ಕೊತ್ತಂಬರಿ ಕಷಾಯ ಅರ್ಧ ಲೋಟ ಕೊಡುತ್ತೇವೆ. ಅದೂ ಆರರ ಒಳಗೇ. ಬೆಳಗ್ಗೆ ಎದ್ದು ಒಂದಕ್ಕೆ ಹೋಗಿ ಬಂದ ಮೇಲೆ ತಿಂಡಿಗೆ ಮುಂಚೆ ತೂಕ ನೋಡಬೇಕು. ಅಪ್ಪ ತೂಕದ ಯಂತ್ರ ತಂದಿದ್ದಾರೆ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ಕೂಡಲೇ ಆಸ್ಪತ್ರೆಗೆ ಬನ್ನಿ ಅಂದಿದ್ದಾರೆ. ನನ್ನ ರಫ್ ಪುಸ್ತಕದ ಕೊನೆ ಹಾಳೆಗಳಲ್ಲಿ ಅಜ್ಜಿಯ ತೂಕ ಬರೆಯುತ್ತೇನೆ.

ತೋರಿಸಲು ಹೋಗುವುದೂ ಈಗ ಸುಲಭ ಆಗಿದೆ. ಕನಕಪುರ ರಸ್ತೆಯಲ್ಲಿ 2021ರ ಜನವರಿಯಲ್ಲಿ ಹಸಿರು ಮೆಟ್ರೋ ರೇಷ್ಮೆ ಸಂಸ್ಥೆ ತನಕ ಬಂತು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾಯಿತು. ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ರೈಲು ಹತ್ತಿದರೆ ಎರಡನೇ ಸ್ಟೇಷನ್ನೇ ಜಯದೇವ ಆಸ್ಪತ್ರೆ. ಬಸ್ಸಿನ ಮೆಟ್ಟಿಲು ಹತ್ತಲು ಅಜ್ಜಿಗೆ ಆಗಲ್ಲ, ಇಲ್ಲಿ ಲಿಫ್ಟ್ ಇದೆ. ಬನಶಂಕರಿ ಸ್ಟೇಷನ್ ಬಂದಾಗ ಅಜ್ಜಿ ರೈಲಿನಲ್ಲೇ ಅಮ್ಮನವರಿಗೆ ಕೈ ಮುಗಿಯುತ್ತಾಳೆ.

ಕೊನೆಗೆ, ಯಾವ ಊತಕ್ಕೆ ಕಷಾಯ ಸಾಲದು ಅನ್ನುವುದನ್ನು ಪಟ್ಟಿ ಮಾಡಿದ್ದೇನೆ. ದಯವಿಟ್ಟು ಬರೆದುಕೊಳ್ಳಿ.

1. ರಾತ್ರಿ ಮಲಗಿ ಎದ್ದರೂ ಇಳಿಯದ ಊತ.
2. ಊತದ ಜೊತೆ ಉಸಿರು ಕಟ್ಟುವುದು, ಮಲಗಲು ಆಗದಿರುವುದು, ಎದೆನೋವು. ಆ ಹೊತ್ತಿನಲ್ಲೇ 108ಕ್ಕೆ ಫೋನ್ ಮಾಡಬೇಕು.
3. ಒಂದೇ ಕಾಲು ದಿಢೀರ್ ಊದಿ ನೋವು, ಬಿಸಿ, ಕೆಂಪು ಇದ್ದರೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಸೋಂಕು ಆಗಿರಬಹುದು. ಅದನ್ನು ತಿಕ್ಕಬಾರದು.
4. ಬೆಳಗ್ಗೆ ಎದ್ದಾಗ ಮುಖ, ಕಣ್ಣಿನ ರೆಪ್ಪೆ ಊದಿ, ಮೂತ್ರ ಕಡಿಮೆ ಆದರೆ. ಅದು ಮೂತ್ರಪಿಂಡದ ತೊಂದರೆ ಇರಬಹುದು.
5. ಬಸುರಿಯರಿಗೆ ಮುಖ, ಕೈ ಊದಿ, ತಲೆನೋವು, ಕಣ್ಣು ಮಂಜು ಬಂದರೆ. ಆಶಾ ಕಾರ್ಯಕರ್ತೆಗೆ ಹೇಳಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.
6. ಬಿ.ಪಿ. ಮಾತ್ರೆ ಶುರು ಮಾಡಿದ ಮೇಲೆ ಬಂದ ಊತ. ಅಮ್ಲೋಡಿಪಿನ್ ಎಂಬ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತದೆ. ಮಾತ್ರೆಯನ್ನು ತಾವೇ ಬಿಡಬಾರದು, ಡಾಕ್ಟರನ್ನು ಕೇಳಬೇಕು.

ಗೆಳೆಯರೇ, ದೊಡ್ಡವರು ಕಾಲು ನೋವನ್ನು ಹೇಳಿಕೊಳ್ಳುವುದಿಲ್ಲ. "ಏನಿಲ್ಲ ಕಣ್ ಮಗ, ನಡೆದು ನಡೆದು ಹಿಂಗಾಗೈತೆ" ಅಂತ ಸೀರೆ ಕೆಳಗೆ ಎಳೆದುಕೊಳ್ಳುತ್ತಾರೆ. ಆದ್ದರಿಂದ ನಾವೇ ನೋಡಬೇಕು. ಇವತ್ತು ಸಂಜೆ ಮನೆಯಲ್ಲಿ ಅಮ್ಮ, ಅಜ್ಜಿ, ತಾತ ಎಲ್ಲರ ಕಾಲಿನ ಗಂಟಿನ ಪಕ್ಕ ಹೆಬ್ಬೆಟ್ಟಿನಿಂದ ಮೆಲ್ಲಗೆ ಒತ್ತಿ, ಹತ್ತು ಎಣಿಸಿ ಬಿಡಿ. ಗುಳಿ ಬಿದ್ದರೆ ನಾಳೆ ಬೆಳಗ್ಗೆ ಅವರು ಎದ್ದ ಕೂಡಲೇ ಮತ್ತೆ ಒತ್ತಿ ನೋಡಿ. ಬೆಳಗ್ಗೆ ಇಲ್ಲದಿದ್ದರೆ ಸಂಜೆ ಕಷಾಯ ಮಾಡಿ ಕೊಟ್ಟು, ಕಾಲ ಕೆಳಗೆ ದಿಂಬು ಇಟ್ಟು, ಆ ಅರ್ಧ ಗಂಟೆ ಅವರ ಕೆಲಸ ನೀವು ಮಾಡಿ. ಬೆಳಗ್ಗೆಯೂ ಇದ್ದರೆ ಕಷಾಯಕ್ಕೆ ನೀರು ಇಡುವ ಮುಂಚೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹಟ ಮಾಡಿ.

ಕೊತ್ತಂಬರಿ ಪುಡಿ ಬೇಕಾದವರು ಸೋಮವಾರ ನನ್ನನ್ನು ಕೇಳಿ, ಒಂದು ಪೊಟ್ಟಣ ತಂದು ಕೊಡುತ್ತೇನೆ.

— ಏಳನೇ ತರಗತಿ ವಿದ್ಯಾರ್ಥಿನಿ